ಅಭಿಯೋಜಕರ ಕಚೇರಿಯ ಮೇಲೆ ದಾವೆ ಹೂಡಿದ ಮೂರು ವರ್ಷ

2025ರ ಏಪ್ರಿಲ್ ಎರಡನೆಯ ವಾರದಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಲಯವು ನನ್ನ ಮೊಕದ್ದಮೆಯನ್ನು ಉಭಯ ಪಕ್ಷಗಳ ಒಪ್ಪಿಗೆಯ ಮೇರೆಗೆ ಮುಕ್ತಾಯಗೊಳಿಸಿತು. ಆದೇಶ ಎರಡು ಸಾಲಿನದು. ಅದರ ಹಿಂದಿರುವ ಕಾಗದಗಳು ನಮ್ಮ ಮನೆಯ ಊಟದ ಮೇಜಿನ ಪಕ್ಕದಲ್ಲಿ ನಾಲ್ಕು ಪೆಟ್ಟಿಗೆಗಳಲ್ಲಿ ಇನ್ನೂ ಕೂತಿವೆ. ಅಮೆರಿಕದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಿ, ಅರ್ಹತೆಯಲ್ಲದ ಬೇರೆ ಕಾರಣಕ್ಕೆ ತಿರಸ್ಕೃತರಾದೆವೆಂದು ಅನ್ನಿಸಿದ ಕನ್ನಡಿಗರು ಯಾರಾದರೂ ಇದ್ದರೆ ಅವರಿಗೆ ಈ ದಾರಿಯ ತಿರುವುಗಳು ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೆಸರನ್ನಾಗಲಿ ರಾಜ್ಯದ ಹೆಸರನ್ನಾಗಲಿ ಬರೆಯುವುದಿಲ್ಲ.

ನಾನು ಹಾಸನದವಳು. ಅಲ್ಲಿಯ ನ್ಯಾಯಾಲಯಗಳಲ್ಲಿ ಆರು ವರ್ಷ ವಕೀಲಿ ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಎಲ್‌ಎಲ್‌ಎಂ ಓದಿ, ಬಾರ್ ಪರೀಕ್ಷೆಯನ್ನು ಎರಡನೆಯ ಪ್ರಯತ್ನದಲ್ಲಿ ಮುಗಿಸಿಕೊಂಡು, ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ಮನೆ ತೆರವಿನ ಪ್ರಕರಣಗಳನ್ನು ನಡೆಸಿದ್ದೆ. 2022ರ ವಸಂತದಲ್ಲಿ ಪಕ್ಕದ ಕೌಂಟಿಯ ಅಭಿಯೋಜಕರ (ಪ್ರಾಸಿಕ್ಯೂಟರ್) ಕಚೇರಿಯು ಮೂರು ಸಹಾಯಕ ಅಭಿಯೋಜಕರ ಹುದ್ದೆಗಳಿಗೆ ಅರ್ಜಿ ಕರೆಯಿತು. ಊರಿನಲ್ಲಿದ್ದಾಗ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಬೇಕೆಂಬ ಆಸೆಯಿದ್ದದ್ದು ನೇಮಕಾತಿ ಪರೀಕ್ಷೆಯ ತಯಾರಿಯಲ್ಲೇ ನಿಂತುಹೋಗಿತ್ತು. ಇಲ್ಲಿ ಅಂಥ ಪರೀಕ್ಷೆಯೇ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಸ್ಥಳೀಯ ಅಭಿಯೋಜಕರೇ ಮತದಾರರಿಂದ ಚುನಾಯಿತರಾಗುತ್ತಾರೆ, ತಮ್ಮ ಸಹಾಯಕರನ್ನು ತಾವೇ ಆರಿಸಿಕೊಳ್ಳುತ್ತಾರೆ. ಈ ವ್ಯತ್ಯಾಸವನ್ನು ಆಗ ನಾನು ಅಷ್ಟಾಗಿ ಗಮನಿಸಲಿಲ್ಲ; ಮುಂದೆ ಮೊಕದ್ದಮೆಯ ಅರ್ಧ ಹೊಡೆದಾಟ ನಡೆದದ್ದು ಇದರ ಮೇಲೆಯೇ.

ಜೂನ್ 14ರಂದು ಸಂದರ್ಶನ. ಮೂವರ ಸಮಿತಿ, ಎಲ್ಲರಿಗೂ ಒಂದೇ ಪ್ರಶ್ನಾವಳಿ, ಪ್ರತಿ ಉತ್ತರಕ್ಕೆ ಐದರಲ್ಲಿ ಅಂಕ. ನಲವತ್ತು ನಿಮಿಷ ಚೆನ್ನಾಗಿಯೇ ನಡೆಯಿತು. ಕೊನೆಯಲ್ಲಿ ಸಮಿತಿಯ ಹಿರಿಯರೊಬ್ಬರು ಪ್ರಶ್ನಾವಳಿಯಲ್ಲಿಲ್ಲದ ಮಾತೊಂದನ್ನು ಕೇಳಿದರು: "ನಮ್ಮ ಜ್ಯೂರಿಗೆ ಬರುವವರು ಹಳ್ಳಿಗಾಡಿನ ಜನ. ಅವರಿಗೆ ನಿಮ್ಮ ಮಾತು ತಿಳಿಯುತ್ತದೆ ಎಂದುಕೊಂಡಿದ್ದೀರಾ?" ನಾನು ನಗುತ್ತಲೇ, ನಾಲ್ಕು ವರ್ಷದಿಂದ ಇಲ್ಲಿನ ನ್ಯಾಯಾಧೀಶರಿಗೆ ತಿಳಿಯುತ್ತಿದೆ ಎಂದೆ. ಅವರೂ ನಕ್ಕರು. ಜುಲೈ 6ರಂದು ತಿರಸ್ಕಾರದ ಮಿಂಚಂಚೆ ಬಂತು; ಜ್ಯೂರಿ ವಿಚಾರಣೆಯ ಕೆಲಸಕ್ಕೆ ನಾನು "ಹೊಂದುವುದಿಲ್ಲ" ಎಂದಷ್ಟೇ ಅದರಲ್ಲಿತ್ತು.

ಸಂದರ್ಶನ ಮುಗಿದ ದಿನ ನಾನು ಮಾಡಿದ ಒಂದು ಕೆಲಸ ಕೊನೆಯವರೆಗೂ ಕೈಹಿಡಿಯಿತು. ಕಾರಿನಲ್ಲಿ ಕೂತು, ಎಂಜಿನ್ ಹಚ್ಚುವ ಮೊದಲು, ಯಾರು ಎಲ್ಲಿ ಕೂತಿದ್ದರು, ಯಾವ ಪ್ರಶ್ನೆಗೆ ಏನು ಹೇಳಿದೆ, ಆ ಕೊನೆಯ ಪ್ರಶ್ನೆಯ ಒಂದೊಂದು ಪದ, ಗಂಟೆ ಎಷ್ಟು ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಇದು ದೂರಾಲೋಚನೆಯೇನೂ ಅಲ್ಲ. ಅಪ್ಪ ನ್ಯಾಯಾಲಯದಲ್ಲಿ ಶಿರಸ್ತೇದಾರರಾಗಿದ್ದವರು. ಮನೆಯಲ್ಲಿ ಹಾಲಿನ ಲೆಕ್ಕವನ್ನೂ ತಾರೀಖು ಹಾಕಿ ಬರೆಸುತ್ತಿದ್ದರು. ಆ ಅಭ್ಯಾಸವಷ್ಟೇ. ನೀವು ಯಾವುದೇ ಸಂದರ್ಶನಕ್ಕೆ ಹೋದರೂ, ಏನೋ ಸರಿಯಿಲ್ಲ ಅನ್ನಿಸಿದ ಕೂಡಲೇ, ಅದೇ ದಿನ, ನಿಮ್ಮ ಕೈಯಾರೆ ಬರೆದಿಡಿ. ಎರಡು ವರ್ಷದ ನಂತರ ಪ್ರಮಾಣ ಮಾಡಿ ಹೇಳಬೇಕಾಗಿ ಬಂದಾಗ ನೆನಪು ಸಾಲುವುದಿಲ್ಲ.

ಮೊದಲ ಮೂವರು ವಕೀಲರು ಪ್ರಕರಣವನ್ನು ಒಪ್ಪಿಕೊಳ್ಳಲಿಲ್ಲ. ಒಬ್ಬರು ಒಂದು ಗಂಟೆಯ ಸಲಹೆಗೆ 300 ಡಾಲರ್ ತೆಗೆದುಕೊಂಡು, ಕೆಲಸದಿಂದ ತೆಗೆದ ಪ್ರಕರಣಗಳಿಗಿಂತ ಕೆಲಸವನ್ನೇ ಕೊಡದ ಪ್ರಕರಣಗಳನ್ನು ರುಜುವಾತು ಮಾಡುವುದು ಕಷ್ಟ ಎಂದು ಬಿಡಿಸಿ ಹೇಳಿದರು: ಹೊರಗಿನವರಿಗೆ ಒಳಗಿನ ಕಾಗದ ಸಿಗುವುದಿಲ್ಲ, ಸಾಕ್ಷಿ ಹೇಳುವ ಸಹೋದ್ಯೋಗಿಗಳಿರುವುದಿಲ್ಲ. ಆ 300 ಡಾಲರ್ ದಂಡವಾಯಿತೆಂದು ನನಗೆ ಅನ್ನಿಸಿಲ್ಲ. ನಾಲ್ಕನೆಯವರು ನನ್ನ ನೋಟ್‌ಬುಕ್ಕಿನ ಪುಟಗಳನ್ನು ಓದಿ, ಗೆದ್ದರೆ ನೂರಕ್ಕೆ ನಲವತ್ತು ಪಾಲು, ಸೋತರೆ ಶುಲ್ಕವಿಲ್ಲ, ಖರ್ಚುಗಳು ಮಾತ್ರ ನನ್ನವು ಎಂಬ ಕರಾರಿಗೆ ಒಪ್ಪಿದರು. ಒಪ್ಪಿದ ಮರುಕ್ಷಣವೇ ನನ್ನ ಉತ್ಸಾಹಕ್ಕೆ ತಣ್ಣೀರೆರೆಯುವ ತೀರ್ಪೊಂದನ್ನು ಕೈಗಿಟ್ಟರು. ಹೊನೊಲುಲುವಿನಲ್ಲಿ ವಾಹನ ಪರವಾನಗಿ ಕಚೇರಿಯ ಗುಮಾಸ್ತೆಯ ಹುದ್ದೆಗೆ ಅರ್ಜಿ ಹಾಕಿದ ಮ್ಯಾನುಯೆಲ್ ಫ್ರಗಾಂಟೆ ಎಂಬ ಫಿಲಿಪ್ಪೀನ್ಸ್ ಮೂಲದವರು ಲಿಖಿತ ಪರೀಕ್ಷೆಯಲ್ಲಿ 721 ಜನರಲ್ಲಿ ಮೊದಲಿಗರಾಗಿದ್ದರೂ ಉಚ್ಚಾರಣೆಯ ಕಾರಣಕ್ಕೆ ಕೆಲಸ ಸಿಗದೆ ಹೋದಾಗ, 1989ರಲ್ಲಿ ಒಂಬತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು, ಸಾರ್ವಜನಿಕರೊಡನೆ ಮಾತಾಡುವ ಕೆಲಸವಾದ್ದರಿಂದ ಕಚೇರಿಯ ನಿರ್ಧಾರ ತಪ್ಪಲ್ಲವೆಂದಿತು. ಅಂದರೆ, ಉಚ್ಚಾರಣೆ ನಿಜವಾಗಿಯೂ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ ಎಂಬುದೇ ಪ್ರಶ್ನೆ. ನನ್ನ ಮಾತನ್ನು ನಾಲ್ಕು ವರ್ಷ ದಿನವೂ ಕೇಳಿದ ನ್ಯಾಯಾಲಯದ ಧ್ವನಿಮುದ್ರಣಗಳನ್ನು ತರಿಸಲು ಅವರು ಅಂದೇ ಅರ್ಜಿ ಬರೆಸಿದರು.

ಆ ವಾರ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಾನೇ ನೂರು ಜನಕ್ಕೆ ಹೇಳಿದೀನಿ ಮಗಾ, ಈಗ ನಿನಗೂ ಹೇಳಬೇಕಾ?" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾರೀಖು ಎಲ್ಲ ಸರಿಯಾಗಿ ಬರೆದಿಟ್ಟಿದೀಯಾ?" ಎಂದು ಕೇಳಿದರು.

ತಾರೀಖಿನ ವಿಷಯವನ್ನೇ ಈಗ ಹೇಳಬೇಕು, ಏಕೆಂದರೆ ಜನ ಹೆಚ್ಚಾಗಿ ಎಡವುವುದು ಇಲ್ಲಿ. 1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯವು ಜನಾಂಗ, ಬಣ್ಣ, ಧರ್ಮ, ಲಿಂಗ ಮತ್ತು ರಾಷ್ಟ್ರಮೂಲದ ಆಧಾರದ ಮೇಲೆ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. 1972ರ ತಿದ್ದುಪಡಿಯಿಂದ ಅದು ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಿಗೂ ಅನ್ವಯವಾಯಿತು. ಆದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಮೊದಲು ಇಇಒಸಿ ಎಂದು ಕರೆಯುವ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಬೇಕು. ಇದಕ್ಕೆ 180 ದಿನಗಳ ಗಡುವು. ರಾಜ್ಯದಲ್ಲಿ ಇಂಥದೇ ಸಂಸ್ಥೆ ಇದ್ದರೆ 300 ದಿನ. ನಮ್ಮ ರಾಜ್ಯದಲ್ಲಿ ಇದ್ದುದರಿಂದ 2023ರ ಮೇ 2ರವರೆಗೆ ಕಾಲವಿದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ವಕೀಲರು ತಲೆಯಾಡಿಸಿದರು. ಚುನಾಯಿತ ಅಧಿಕಾರಿಯು ತನ್ನ ವೈಯಕ್ತಿಕ ಸಿಬ್ಬಂದಿಯಾಗಿ ಆರಿಸಿಕೊಂಡವರು, ನೀತಿ ನಿರೂಪಣೆಯ ಮಟ್ಟದ ನೇಮಕಗಳು, ಈ ಇಬ್ಬರೂ ಕಾಯಿದೆಯ ದೃಷ್ಟಿಯಲ್ಲಿ "ನೌಕರ"ರೇ ಅಲ್ಲ. ಸಿವಿಲ್ ಸರ್ವೀಸ್ ನಿಯಮಗಳಿಗೆ ಒಳಪಟ್ಟ ಹುದ್ದೆಯಾದರೆ ಈ ವಿನಾಯಿತಿ ಇಲ್ಲ, ಆದರೆ ಈ ಕೌಂಟಿಯಲ್ಲಿ ಸಹಾಯಕ ಅಭಿಯೋಜಕರು ಅದರ ಹೊರಗಿದ್ದರು. ಹಾಗೆ ಹೊರಗುಳಿದವರಿಗಾಗಿ 1991ರಲ್ಲಿ ಬೇರೆಯೇ ಕಾನೂನು ಬಂದಿದೆ. ಅದರಡಿ ಆಯೋಗದೊಳಗೇ ಆಡಳಿತಾತ್ಮಕ ವಿಚಾರಣೆ ನಡೆಯುತ್ತದೆ, ಗಡುವು 180 ದಿನ ಮಾತ್ರ. ಅಂದರೆ 2023ರ ಜನವರಿ 2. ಅಭಿಯೋಜಕರ ಕಚೇರಿ, ಷೆರಿಫರ ಕಚೇರಿ ಹೀಗೆ ಚುನಾಯಿತರ ಕೈಕೆಳಗಿನ ಯಾವ ಹುದ್ದೆಗೇ ಆಗಲಿ, 300 ದಿನ ಎಂಬುದನ್ನು ಮರೆತು 180ನ್ನೇ ಹಿಡಿದುಕೊಳ್ಳಿ.

ಆಯೋಗದ ಜಾಲತಾಣದಲ್ಲಿ ಆಗಸ್ಟಿನಲ್ಲಿ ವಿಚಾರಣಾ ಅರ್ಜಿ ತುಂಬಿದೆ. ಮಾತುಕತೆಗೆ ಸಿಕ್ಕಿದ ಮೊದಲ ದಿನಾಂಕ ನವೆಂಬರ್ 15. ಗಡುವಿನ ಗಡಿಯಾರ ಓಡುತ್ತಿರುವಾಗ ಮೂರು ತಿಂಗಳು ಕಾಯುವ ಸಂಕಟ ಬೇರೆಯೇ. ಅರ್ಜಿ ತುಂಬಿದ ಮಾತ್ರಕ್ಕೆ ದೂರು ದಾಖಲಾಯಿತೆಂದು ತಿಳಿಯಬೇಡಿ. ಅಧಿಕಾರಿ ಸಿದ್ಧಪಡಿಸಿದ ದೂರಿನ ನಮೂನೆಗೆ ನೀವು ಸಹಿ ಹಾಕಿದ ದಿನವೇ ಲೆಕ್ಕಕ್ಕೆ ಬರುವುದೆಂದು ಇಟ್ಟುಕೊಳ್ಳುವುದು ಕ್ಷೇಮ. ನಾನು ಸಹಿ ಹಾಕಿದ್ದು ನವೆಂಬರ್ 18ರಂದು. ನಮೂನೆಯಲ್ಲಿ ತಾರತಮ್ಯದ ಆಧಾರ ಯಾವುದೆಂದು ಗುರುತು ಹಾಕುವ ಚೌಕಗಳಿವೆ. ನಾನು ರಾಷ್ಟ್ರಮೂಲ ಒಂದಕ್ಕೇ ಹಾಕುವವಳಿದ್ದೆ. ಜನಾಂಗ ಮತ್ತು ಬಣ್ಣಕ್ಕೂ ಹಾಕಿ ಎಂದು ವಕೀಲರು ಹೇಳಿದರು, ಏಕೆಂದರೆ ದೂರಿನಲ್ಲಿಲ್ಲದ ಆಧಾರವನ್ನು ಮುಂದೆ ನ್ಯಾಯಾಲಯದಲ್ಲಿ ಎತ್ತಲು ಹೋದರೆ ಅಡ್ಡಿ ಬರುತ್ತದೆ. ಇದೆಲ್ಲಕ್ಕೂ ಆಯೋಗಕ್ಕೆ ಒಂದು ಬಿಡಿಗಾಸೂ ಕೊಡಬೇಕಾಗಿಲ್ಲ.

ಆಯೋಗವು ಹತ್ತು ದಿನಗಳೊಳಗೆ ಕೌಂಟಿಗೆ ನೋಟಿಸ್ ಕಳಿಸಿತು. ಉಚಿತ ಸಂಧಾನಕ್ಕೆ ನಾನು ಒಪ್ಪಿದೆ, ಅವರು ಒಪ್ಪಲಿಲ್ಲ. ಮಾರ್ಚಿನಲ್ಲಿ ಅವರ ಲಿಖಿತ ಹೇಳಿಕೆ ಬಂತು. ಕೇಳಿದರೆ ಮಾತ್ರ ಇದರ ಪ್ರತಿ ಸಿಗುತ್ತದೆ, ಸಿಕ್ಕ ಮೇಲೆ ಉತ್ತರಕ್ಕೆ 20 ದಿನ. ಅದರಲ್ಲಿ ನನ್ನನ್ನು ಆರಿಸದಿದ್ದಕ್ಕೆ ಕೊಟ್ಟ ಕಾರಣ "ಜ್ಯೂರಿ ವಿಚಾರಣೆಯ ಅನುಭವದ ಕೊರತೆ." ಈ ಸಾಲನ್ನು ನೆನಪಿಡಿ, ಮುಂದೆ ಬರುತ್ತದೆ.

ನಂತರ ಏನೂ ಆಗಲಿಲ್ಲ. ತನಿಖಾಧಿಕಾರಿ ಬದಲಾದರು, ಎರಡು ಪತ್ರಕ್ಕೆ ಉತ್ತರವಿಲ್ಲ. ದೂರು ಕೊಟ್ಟು 180 ದಿನ ಕಳೆದ ಮೇಲೆ, ತನಿಖೆ ಮುಗಿಯದಿದ್ದರೂ, ದಾವೆ ಹೂಡುವ ಹಕ್ಕಿನ ಪತ್ರವನ್ನು ಕೇಳಬಹುದು. ಮೇ ಕೊನೆಯಲ್ಲಿ ಕೇಳಿದೆವು. ಖಾಸಗಿ ಕಂಪನಿಯ ಮೇಲಿನ ದೂರಾದರೆ ಅದನ್ನು ಆಯೋಗವೇ ಕೊಡುತ್ತದೆ. ಸರ್ಕಾರಿ ಸಂಸ್ಥೆಯ ಮೇಲಿನದಾದ್ದರಿಂದ ನಮ್ಮ ಕೋರಿಕೆ ವಾಷಿಂಗ್ಟನ್ನಿನ ನ್ಯಾಯ ಇಲಾಖೆಗೆ ಹೋಯಿತು. ಜುಲೈ 11ರಂದು ಪತ್ರ ಕೈಸೇರಿತು. ಅಂದಿನಿಂದ 90 ದಿನ. ತೊಂಬತ್ತನೆಯ ದಿನ ಅಕ್ಟೋಬರ್ 9, ಕೊಲಂಬಸ್ ದಿನದ ರಜೆ. ಕೊನೆಯ ದಿನ ರಜೆ ಬಿದ್ದರೆ ಮರುದಿನ ಸಲ್ಲಿಸಬಹುದೆಂಬ ನಿಯಮವಿದ್ದರೂ ಅದನ್ನು ನಂಬಿಕೊಂಡು ಕೂರುವ ಧೈರ್ಯ ನಮಗಿರಲಿಲ್ಲ. ಸೆಪ್ಟೆಂಬರ್ ಮೂರನೆಯ ವಾರದಲ್ಲೇ ದಾವೆ ಸಲ್ಲಿಸಿದೆವು. ಶುಲ್ಕ 402 ಡಾಲರ್. ಆ ವರ್ಷದ ಡಿಸೆಂಬರ್‌ನಿಂದ ಅದು 405 ಆಗಿದೆ.

ಯಾರ ಮೇಲೆ ದಾವೆ? ಇದು ಸುಲಭದ ಪ್ರಶ್ನೆಯಂತೆ ಕಾಣುತ್ತದೆ. ಕಚೇರಿಯ ಹೆಸರು ಬರೆದರೆ, ಅದಕ್ಕೆ ಪ್ರತ್ಯೇಕ ಕಾನೂನು ಅಸ್ತಿತ್ವವಿಲ್ಲ ಎನ್ನುತ್ತಾರೆ. ಕೌಂಟಿಯ ಹೆಸರು ಬರೆದರೆ, ಅಭಿಯೋಜಕರು ರಾಜ್ಯದ ಅಧಿಕಾರಿಯೇ ಹೊರತು ಕೌಂಟಿಯವರಲ್ಲ ಎನ್ನುತ್ತಾರೆ. ನಾವು ಕೌಂಟಿಯನ್ನೂ ಅಭಿಯೋಜಕರನ್ನು ಅವರ ಅಧಿಕಾರದ ನೆಲೆಯಲ್ಲಿಯೂ ಸೇರಿಸಿ, ಏಳನೆಯ ಅಧ್ಯಾಯದ ಜೊತೆಗೆ 1983ನೆಯ ಸೆಕ್ಷನ್ನಿನಡಿಯಲ್ಲೂ ವಾದ ಹೂಡಿದೆವು. ಈ 1983 ಇಸವಿಯಲ್ಲ, ಸಂಹಿತೆಯಲ್ಲಿನ ಸಂಖ್ಯೆ, ಕಾನೂನು 1871ರದ್ದು. ಸರ್ಕಾರದ ಅಧಿಕಾರ ಬಳಸಿ ಸಂವಿಧಾನದ ಹಕ್ಕನ್ನು ಕಸಿದವರ ಮೇಲೆ ದಾವೆ ಹೂಡಲು ಅದು ದಾರಿ ಕೊಡುತ್ತದೆ. ಆಯೋಗಕ್ಕೆ ದೂರು ಕೊಡುವ ಗೊಡವೆ ಅದಕ್ಕಿಲ್ಲ, ವೈಯಕ್ತಿಕ ಸಿಬ್ಬಂದಿಯ ವಿನಾಯಿತಿಯೂ ಇಲ್ಲ. ಕಾಲಮಿತಿ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ನವೆಂಬರಿನಲ್ಲಿ ನಿರೀಕ್ಷಿಸಿದ್ದೇ ಬಂತು: ದಾವೆಯನ್ನು ಆರಂಭದಲ್ಲೇ ವಜಾ ಮಾಡಬೇಕೆಂಬ ಅರ್ಜಿ. ಅವರ ಕೈಯಲ್ಲಿದ್ದ ದೊಡ್ಡ ಆಯುಧ 1981ರ ರಮಿರೆಜ್ ವಿರುದ್ಧ ಸ್ಯಾನ್ ಮಟೇಯೊ ಕೌಂಟಿ ತೀರ್ಪು. ಕ್ಯಾಲಿಫೋರ್ನಿಯಾದಲ್ಲಿ ಉಪ ಜಿಲ್ಲಾ ಅಟಾರ್ನಿಯ ಹುದ್ದೆ ಸಿಗದ ಅಭ್ಯರ್ಥಿಯೊಬ್ಬರು ಹೂಡಿದ್ದ ಆ ದಾವೆಯಲ್ಲಿ, ಆ ಹುದ್ದೆ ಚುನಾಯಿತ ಅಟಾರ್ನಿಯ ವೈಯಕ್ತಿಕ ಸಿಬ್ಬಂದಿಗೆ ಸೇರಿದ್ದೆಂದು ಒಂಬತ್ತನೆಯ ಸರ್ಕಿಟ್ ಹೇಳಿತ್ತು. ನನ್ನದೇ ಕಥೆಯನ್ನು ನಾನು ಹುಟ್ಟುವ ಮೊದಲೇ ಯಾರೋ ಸೋತಿದ್ದರು ಎಂದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಕಾನೂನನ್ನು ಕಾಪಾಡುವ ಕಚೇರಿಯೊಂದು, "ನಾವು ತಾರತಮ್ಯ ಮಾಡಿಲ್ಲ" ಎಂದು ಹೇಳುವ ಮೊದಲು "ಆ ಕಾನೂನು ನಮಗೆ ಅನ್ವಯಿಸುವುದಿಲ್ಲ" ಎಂದು ಬರೆದದ್ದನ್ನು ಓದಿದಾಗ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಆದೇಶಕ್ಕೆ ಐದು ತಿಂಗಳು ಕಾದೆವು. 2024ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು, ಹುದ್ದೆ ವೈಯಕ್ತಿಕ ಸಿಬ್ಬಂದಿಯದೇ ಅಲ್ಲವೇ ಎಂಬುದು ಅಲ್ಲಿಯ ಕೆಲಸದ ನಿಜಸ್ಥಿತಿಯನ್ನು ನೋಡಿ ತೀರ್ಮಾನಿಸಬೇಕಾದದ್ದು, ಈ ಹಂತದಲ್ಲಿ ಆಗದು, 1983ನೆಯ ಸೆಕ್ಷನ್ನಿನ ವಾದವಂತೂ ಮುಂದುವರಿಯಲಿ ಎಂದರು.

ಅಲ್ಲಿಂದ ಡಿಸ್ಕವರಿ, ಅಂದರೆ ಎರಡೂ ಕಡೆಯವರು ದಾಖಲೆಗಳನ್ನು ಪರಸ್ಪರ ಒಪ್ಪಿಸುವ ಹಂತ. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳು ನೇಮಕಾತಿಯ ಕಾಗದಗಳನ್ನು ಎರಡು ವರ್ಷ ಇಡಬೇಕು, ದೂರು ದಾಖಲಾದರೆ ಅದು ಇತ್ಯರ್ಥವಾಗುವವರೆಗೂ ಇಡಬೇಕು ಎಂಬುದು ಫೆಡರಲ್ ನಿಯಮ. ಮೂವರಲ್ಲಿ ಇಬ್ಬರ ಅಂಕಪಟ್ಟಿಗಳು ಬಂದವು; ಆ ಪ್ರಶ್ನೆ ಕೇಳಿದ ಹಿರಿಯರದು "ಸಿಗುತ್ತಿಲ್ಲ." ಬಂದ ಎರಡರಲ್ಲಿ ಒಂದರಲ್ಲಿ ಸಂವಹನದ ಸಾಲಿನಲ್ಲಿ 4 ಎಂದು ಬರೆದು ಹೊಡೆದುಹಾಕಿ 2 ಮಾಡಿದ್ದರು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ "ಉಚ್ಚಾರಣೆ, ಜ್ಯೂರಿ?" ಎಂದಿತ್ತು. ನೇಮಕವಾದ ಮೂವರಲ್ಲಿ ಇಬ್ಬರು ಅದೇ ವರ್ಷ ಬಾರ್ ಪರೀಕ್ಷೆ ಮುಗಿಸಿದವರು, ಒಂದೂ ಜ್ಯೂರಿ ವಿಚಾರಣೆ ನಡೆಸಿದವರಲ್ಲ. ಆಯೋಗಕ್ಕೆ ಬರೆದ "ಅನುಭವದ ಕೊರತೆ" ಅಲ್ಲಿಗೆ ಕುಸಿಯಿತು. ಪ್ರಮಾಣ ಮಾಡಿ ಹೇಳಿಕೆ ಕೊಡುವಾಗ ಸಮಿತಿಯವರು ಅನುಭವದ ಮಾತನ್ನೇ ಎತ್ತದೆ "ಸಂವಹನ" ಎಂದರು. ಕಚೇರಿ ಕೊಡುವ ಕಾರಣ ನೆಪವೇ ಅಲ್ಲವೇ ಎಂದು ಪರೀಕ್ಷಿಸುವ ಕ್ರಮ 1973ರ ಮೆಕ್‌ಡಾನೆಲ್ ಡಗ್ಲಸ್ ತೀರ್ಪಿನಿಂದ ಬಂದದ್ದು. ಆ ಪರೀಕ್ಷೆಯಲ್ಲಿ ಹೀಗೆ ಕಾರಣ ಬದಲಾಗುವುದು ಅರ್ಜಿದಾರರಿಗೆ ಸಿಗುವ ಬಲವಾದ ಸಾಕ್ಷ್ಯಗಳಲ್ಲಿ ಒಂದು.

ಒಪ್ಪಿಸಬೇಕಾದದ್ದು ನಮ್ಮ ಕಡೆಯಿಂದಲೂ ಇತ್ತು. ಈ ವಿಷಯಕ್ಕೆ ಸಂಬಂಧಿಸಿದ ನನ್ನ ವಾಟ್ಸಾಪ್ ಸಂದೇಶಗಳೆಲ್ಲ ಅವರಿಗೆ ಬೇಕಾದವು. ಅಕ್ಕನಿಗೆ ಬರೆದದ್ದೆಲ್ಲ ಅರ್ಧ ಕನ್ನಡ ಲಿಪಿಯಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಎದುರು ಪಕ್ಷದವರು ಎಲ್ಲಿಂದಲೋ ಅನುವಾದ ಮಾಡಿಸಿಕೊಂಡು ಬಂದರು. ಜುಲೈ ತಿಂಗಳಲ್ಲಿ ನನ್ನ ಡೆಪೊಸಿಷನ್, ಅಂದರೆ ಎದುರು ಪಕ್ಷದ ವಕೀಲರ ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಉತ್ತರಿಸುವುದು. ನಿಯಮದಂತೆ ಒಂದು ದಿನ, ಏಳು ಗಂಟೆ, ಒಂದೊಂದು ಮಾತೂ ಟೈಪ್ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರ ವಕೀಲರು ಕೇಳಿದರು: ನೀವು ಅಭಿಯೋಜಕರನ್ನು ಹೊಡೆಯುವುದಾಗಿ ಬೆದರಿಕೆ ಹಾಕಿದ್ದೀರಲ್ಲವೇ? ಕಾಗದ ನೋಡಿದರೆ, ನಾನು ಅಕ್ಕನಿಗೆ ಬರೆದಿದ್ದ ಸಾಲು "ಕೋರ್ಟಿಗೆ ಎಳೆದು ಚಳಿ ಬಿಡಿಸ್ತೀನಿ, ನೋಡ್ತಾ ಇರು." ಇನ್ನೊಂದು ಕಡೆ "ಹೊಟ್ಟೆ ಉರೀತಿದೆ ಕಣೆ" ಎಂದು ಬರೆದಿದ್ದೆ, ಅದರ ಆಧಾರದ ಮೇಲೆ, ಹೊಟ್ಟೆಯ ಕಾಯಿಲೆ ಯಾವಾಗಿನಿಂದ, ಯಾವ ವೈದ್ಯರನ್ನು ಕಂಡಿರಿ, ದಾಖಲೆಗಳೆಲ್ಲಿ ಎಂದು ಕಾಲು ಗಂಟೆ ಪ್ರಶ್ನೆಗಳು. ನಗು ಬಂದರೂ ನಗಲಿಲ್ಲ. ನಕ್ಕದ್ದು ದಾಖಲೆಯಲ್ಲಿ ಬೇರೆಯಾಗಿ ಓದಿಸಿಕೊಳ್ಳುತ್ತದೆ. ಪ್ರಮಾಣೀಕೃತ ಕನ್ನಡ ಅನುವಾದಕರನ್ನು ಹುಡುಕಿ ಎಲ್ಲವನ್ನೂ ಮತ್ತೆ ಮಾಡಿಸಲು ನಮಗೆ 1,140 ಡಾಲರ್ ಬಿತ್ತು. ದಾವೆಯ ಯೋಚನೆ ಮೂಡಿದ ಕ್ಷಣದಿಂದ ಯಾವ ಸಂದೇಶವನ್ನೂ ಅಳಿಸಬೇಡಿ, ಅಳಿಸಿದರೆ ಅದೇ ನಿಮ್ಮ ಮೇಲಿನ ಆರೋಪವಾಗುತ್ತದೆ. ಹೊಸದಾಗಿ ಬರೆಯುವಾಗ ಮಾತ್ರ ಕೈ ಬಿಗಿ ಹಿಡಿಯಿರಿ. ಮಾನಸಿಕ ಯಾತನೆಗೆ ಪರಿಹಾರ ಕೇಳುವವರು ಆಪ್ತಸಮಾಲೋಚಕರ ಟಿಪ್ಪಣಿಗಳೂ ಎದುರು ಪಕ್ಷದ ಕೈ ಸೇರಬಹುದೆಂದು ತಿಳಿದೇ ಕೇಳಬೇಕು. ನಾನು ಆ ಭಾಗವನ್ನು ಸಾಮಾನ್ಯ ಸಂಕಟವೆಂಬ ಮಟ್ಟಕ್ಕೇ ಇಳಿಸಿ ಟಿಪ್ಪಣಿಗಳನ್ನು ಉಳಿಸಿಕೊಂಡೆ.

ಬೇರೆ ಕೆಲಸ ಹುಡುಕುತ್ತಲೇ ಇರಬೇಕೆಂಬುದು ಇನ್ನೊಂದು ಕಟ್ಟುಪಾಡು. ನಷ್ಟವನ್ನು ತಗ್ಗಿಸಲು ನೀವು ಯತ್ನಿಸಲಿಲ್ಲವೆಂದು ಅವರು ತೋರಿಸಿದರೆ ಹಿಂಬಾಕಿ ಸಂಬಳ, ಅಂದರೆ ಆ ಕೆಲಸ ಸಿಕ್ಕಿದ್ದರೆ ಇಷ್ಟು ದಿನ ಬರುತ್ತಿದ್ದ ಸಂಬಳ, ಕಡಿತವಾಗುತ್ತದೆ. ಎರಡೂವರೆ ವರ್ಷದಲ್ಲಿ ನಾನು ಹಾಕಿದ ಅರ್ಜಿಗಳ ಪಟ್ಟಿ, ಉತ್ತರಗಳ ಸಮೇತ, ಹನ್ನೊಂದು ಪುಟವಾಯಿತು. ಬೇರೆ ಎರಡು ಅಭಿಯೋಜಕರ ಕಚೇರಿಗಳಿಗೂ ಹಾಕಿದ್ದೆ. ಸಂದರ್ಶನದ ಕರೆ ಬರಲಿಲ್ಲ. ಕಾರಣ ಏನೆಂದು ಊಹಿಸುತ್ತ ಕೂರುವುದನ್ನು ಯಜಮಾನರು ಒಂದು ದಿನ ಬಲವಂತವಾಗಿ ಬಿಡಿಸಿದರು.

2025ರ ಜನವರಿಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರ ಮುಂದೆ ರಾಜಿ ಮಾತುಕತೆ. ನಾವೊಂದು ಕೋಣೆ, ಅವರೊಂದು ಕೋಣೆ, ನ್ಯಾಯಾಧೀಶರು ನಡುವೆ ಓಡಾಟ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ. ಅಮೆರಿಕದ ದಾವೆ ಎಂದರೆ ಕೋಟಿಗಟ್ಟಲೆ ಎಂದು ಊರಿನವರೆಲ್ಲ ಭಾವಿಸಿದ್ದರು. ಏಳನೆಯ ಅಧ್ಯಾಯದಡಿ ಯಾತನೆಯ ಪರಿಹಾರಕ್ಕೆ 1991ರಿಂದಲೂ ಅದೇ ಮಿತಿ ಇದೆ: ಐನೂರಕ್ಕಿಂತ ಹೆಚ್ಚು ನೌಕರರಿದ್ದರೂ ಗರಿಷ್ಠ 3,00,000 ಡಾಲರ್, ಸಣ್ಣ ಸಂಸ್ಥೆಗಳಾದರೆ 50,000ದವರೆಗೂ ಇಳಿಯುತ್ತದೆ. ಸರ್ಕಾರದ ಮೇಲೆ ದಂಡನಾತ್ಮಕ ಪರಿಹಾರವಂತೂ ಇಲ್ಲ. ಹಿಂಬಾಕಿ ಸಂಬಳ ಈ ಮಿತಿಗೆ ಸೇರುವುದಿಲ್ಲ, ಆದರೆ ನಾನು ಆಗಲೇ ಗಳಿಸುತ್ತಿದ್ದ ಸಂಬಳವನ್ನು ಅದರಿಂದ ಕಳೆಯುತ್ತಾರೆ. ಕೆಲಸವನ್ನೇ ಕೊಡಿಸಿ ಎಂದು ನಾನು ಮಧ್ಯಾಹ್ನದವರೆಗೂ ಹಟ ಹಿಡಿದೆ. "ಆ ಕಚೇರಿಯಲ್ಲಿ ದಿನವೂ ಹೋಗಿ ಕೂರಬಲ್ಲಿರಾ?" ಎಂದು ನ್ಯಾಯಾಧೀಶರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಹಣದ ಜೊತೆಗೆ ನಾವು ಪಡೆದದ್ದು ಎರಡು: ಸಂದರ್ಶನ ಸಮಿತಿಯವರಿಗೆ ತರಬೇತಿ, ಮತ್ತು ಪ್ರತಿ ಸದಸ್ಯರ ಅಂಕಪಟ್ಟಿಯನ್ನೂ ಅದೇ ದಿನ ಸಂಗ್ರಹಿಸಿಡುವ ಲಿಖಿತ ಕ್ರಮ. ಮೊತ್ತವನ್ನು ಬರೆದರೆ ಕೌಂಟಿ ಯಾವುದೆಂದು ಹುಡುಕುವುದು ಸುಲಭವಾದೀತು. ವಕೀಲರ ಪಾಲು, ಟೈಪು ಪ್ರತಿಗಳು, ಅನುವಾದ, ತೆರಿಗೆ ಎಲ್ಲ ಕಳೆದು ಕೈಗೆ ಉಳಿಯುವುದು ಒಪ್ಪಂದದ ಮೊತ್ತದ ಅರ್ಧಕ್ಕಿಂತ ಕಡಿಮೆ ಎಂದಷ್ಟೇ ಹೇಳಬಲ್ಲೆ. ರಾಜಿಗೆ ಸಹಿ ಬಿದ್ದ ದಿನ ಎಲ್ಲ ಮುಗಿಯಿತೆಂದುಕೊಂಡಿದ್ದೆ. ಕೌಂಟಿಯ ಮಂಡಳಿ ಅದನ್ನು ಸಭೆಯಲ್ಲಿ ಅನುಮೋದಿಸಬೇಕಿತ್ತು. ಒಮ್ಮೆ ಸಭೆ ಮುಂದಕ್ಕೆ ಹೋಗಿ, ಚೆಕ್ ಕೈಗೆ ಬರಲು ಮತ್ತೆ ಹತ್ತು ವಾರ ಹಿಡಿಯಿತು.

ಹಿಂಬಾಕಿ ಸಂಬಳದ ಭಾಗಕ್ಕೆ ಸಂಬಳದಂತೆಯೇ ತೆರಿಗೆ ಮುರಿದ ಒಂದು ಚೆಕ್, ಉಳಿದದ್ದಕ್ಕೆ ಏನೂ ಮುರಿಯದ ಇನ್ನೊಂದು ಚೆಕ್ ಬಂದವು. ದೈಹಿಕ ಗಾಯವಿಲ್ಲದ ಯಾತನೆಯ ಪರಿಹಾರಕ್ಕೂ ತೆರಿಗೆ ಇದೆ. ಎರಡನೆಯ ಚೆಕ್ಕಿನ ಒಂದು ಪಾಲನ್ನು ಮುಟ್ಟದೆ ಎತ್ತಿಡಿ. ವಕೀಲರಿಗೆ ಕೊಟ್ಟ ಶುಲ್ಕವನ್ನು ತಾರತಮ್ಯದ ದಾವೆಗಳಲ್ಲಿ ಆದಾಯದಿಂದ ನೇರವಾಗಿ ಕಳೆಯಲು 2004ರ ಕಾನೂನು ಅವಕಾಶ ಕೊಟ್ಟಿದೆ, ಆದರೆ ನಮ್ಮ ತೆರಿಗೆ ಸಲಹೆಗಾರರಿಗೇ ಇದು ಹೊಸ ವಿಷಯವಾಗಿತ್ತು. ಮುಕ್ತಾಯದ ಆದೇಶದ ಪ್ರತಿಯನ್ನು ಅಪ್ಪನಿಗೆ ಕಳಿಸಿದೆ. ಓದಿ, ಮೊಹರಿನ ಕೆಳಗಿನ ತಾರೀಖು ಸರಿಯಾಗಿ ಮೂಡಿಲ್ಲ, ಇನ್ನೊಂದು ಸ್ಪಷ್ಟವಾದ ಪ್ರತಿ ತೆಗೆಸಿಟ್ಟುಕೋ ಎಂದರು.